ಶಿಸ್ತು: ಕಂದಾಯದ ಲೆಕ್ಕದಿಂದ ಕಚೇರಿಯ ನೋಟಿಸಿನವರೆಗೆ

ಪ್ರಶ್ನೆ: ನಮ್ಮ ಕಡೆಯ ಹಿರಿಯರು ‘ಶಿವಪ್ಪನಾಯಕನ ಶಿಸ್ತು’ ಎನ್ನುತ್ತಾರೆ. ಆ ಅರಸ ಕಟ್ಟುನಿಟ್ಟಿನವನಾಗಿದ್ದ ಎಂಬುದು ಅದರ ಅರ್ಥವೇ? ಕಚೇರಿಗಳ ‘ಶಿಸ್ತುಕ್ರಮ’ಕ್ಕೂ ವಿಶ್ವವಿದ್ಯಾಲಯದವರ ‘ಜ್ಞಾನಶಿಸ್ತು’ವಿಗೂ ಅದರೊಡನೆ ನಂಟಿದೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಅರಸನ ಸ್ವಭಾವಕ್ಕೂ ಆ ಮಾತಿಗೂ ಸಂಬಂಧವಿಲ್ಲ, ಅಲ್ಲಿ ಶಿಸ್ತು ಎಂದರೆ ಭೂಕಂದಾಯದ ನಿಗದಿ. 1645ರಿಂದ 1660ರವರೆಗೆ ಬಿದನೂರಿನಿಂದ ಕೆಳದಿ ರಾಜ್ಯವನ್ನಾಳಿದ ಶಿವಪ್ಪನಾಯಕನು ಭೂಮಿಯನ್ನು ಮಣ್ಣಿನ ಗುಣ ಹಾಗೂ ನೀರಿನ ಆಸರೆಗೆ ತಕ್ಕಂತೆ ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿಗಳಾಗಿ ವಿಂಗಡಿಸಿದನು. ಹಳೆಯ ಮೈಸೂರು ಗ್ಯಾಸೆಟಿಯರಿನ ಪ್ರಕಾರ, ಆತನು ಪ್ರತಿ ಗ್ರಾಮದಲ್ಲಿ ಒಂದೊಂದು ತರಗತಿಯ ಒಂದು ಗದ್ದೆಯನ್ನು ಸತತ 12 ವರ್ಷ ತನ್ನ ಖರ್ಚಿನಲ್ಲಿಯೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗಲಿದ ವೆಚ್ಚ, ಬಂದ ಫಸಲು ಮತ್ತು ಅದರ ಬೆಲೆಗಳನ್ನೆಲ್ಲ ಬರೆಸಿಟ್ಟು, ಸರಾಸರಿ ತೆಗೆದು, ಒಟ್ಟು ಉತ್ಪತ್ತಿಯ ಮೂರನೆಯ ಒಂದು ಭಾಗವನ್ನು ಸರ್ಕಾರದ ಪಾಲೆಂದು ಗೊತ್ತುಪಡಿಸಿದನು. ಅಡಕೆ ತೋಟಗಳಿಗೆ ಲೆಕ್ಕವೇ ಬೇರೆ: ಒಂದು ಮರಕ್ಕೆ ಇಷ್ಟು ಜಾಗವೆಂದು ಅಳೆದು, ಸಾವಿರ ಮರಕ್ಕೆ ಇಷ್ಟು ಎಂದು ದರ ಕಟ್ಟಲಾಗುತ್ತಿತ್ತು. ಮೂರನೆಯ ಒಂದು ಭಾಗ ಇಂದಿನ ಕಣ್ಣಿಗೆ ಹಗುರವಾದ ತೆರಿಗೆಯಲ್ಲ, ನಿಜ. ಆದರೆ ಎಷ್ಟು ಕೊಡಬೇಕೆಂಬುದು ಒಕ್ಕಲಿಗೂ ಶಾನುಭೋಗನಿಗೂ ಮೊದಲೇ ತಿಳಿದಿರುತ್ತಿತ್ತು. ಆ ಹೆಸರು ಮಲೆನಾಡಿನಲ್ಲಿ ಇಂದಿಗೂ ಉಳಿದಿರುವುದಕ್ಕೆ ಇದೇ ಕಾರಣವಿರಬೇಕೆಂದು ನನಗನ್ನಿಸುತ್ತದೆ.

ಮೊದಲೇ ಗೊತ್ತುಮಾಡಿದ ಅಳತೆ ಎಂಬ ಈ ಭಾವ ಉಳಿದ ಬಳಕೆಗಳಲ್ಲೂ ಕಾಣುತ್ತದೆ. ಮದುವೆಗೆ ‘ಶಿಸ್ತಾಗಿ’ ಬಂದವನನ್ನು ನಾವು ಮೆಚ್ಚುವುದು ಆತನ ಉಡುಪು ಒಪ್ಪವಾಗಿದೆಯೆಂದೇ ಹೊರತು ಆತನು ಯಾರಿಗೋ ಅಂಜಿ ನಡೆಯುತ್ತಾನೆಂದಲ್ಲ. ‘ಜ್ಞಾನಶಿಸ್ತು’ ಎಂಬುದು ವಿಮರ್ಶಕರೂ ಅಧ್ಯಾಪಕರೂ ಇಂಗ್ಲಿಷಿನ ‘ಡಿಸಿಪ್ಲಿನ್’ ಪದದ ಜಾಡು ಹಿಡಿದು, ಅಧ್ಯಯನದ ಒಂದು ಶಾಖೆ ಎಂಬರ್ಥದಲ್ಲಿ ಕಟ್ಟಿದ ಪದ. ಇತಿಹಾಸಕ್ಕೆ ಒಂದು ವಿಧಾನ, ಭಾಷಾಶಾಸ್ತ್ರಕ್ಕೆ ಇನ್ನೊಂದು ವಿಧಾನ ಎಂದು ತೋರಿಸಬೇಕಾದ ಕಡೆ ಅದು ಸಲ್ಲುತ್ತದೆ. ಬರಿಯ ‘ವಿಷಯ’ ಸಾಕಾಗುವಲ್ಲಿ ಅದನ್ನು ತರುವುದು ಆಡಂಬರ.

ಕಚೇರಿಯ ‘ಶಿಸ್ತುಕ್ರಮ’ದಲ್ಲಿ ಮಾತ್ರ ಅರ್ಥ ದಂಡನೆಯ ಕಡೆಗೆ ವಾಲಿದೆ. ‘ಶಿಸ್ತುಕ್ರಮ ಜರುಗಿಸಲಾಗುವುದು’ ಎಂದೊಡನೆ ನೌಕರನ ಮನಸ್ಸಿಗೆ ಬರುವುದು ಅಮಾನತು, ಬಡ್ತಿ ತಡೆ, ವಜಾ. ಆದರೆ ರಾಜ್ಯ ಸರ್ಕಾರಿ ನೌಕರರಿಗೆ ಅನ್ವಯಿಸುವ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳನ್ನು ಓದಿದರೆ, ಅಲ್ಲಿ ಶಿಸ್ತುಕ್ರಮವೆಂದರೆ ಆರೋಪಪಟ್ಟಿ, ನೌಕರನ ಲಿಖಿತ ಹೇಳಿಕೆ, ವಿಚಾರಣೆ, ಆಮೇಲೆ ಆದೇಶ, ಅದರ ಮೇಲೆ ಮೇಲ್ಮನವಿ ಎಂಬ ಇಡೀ ನಡಾವಳಿ. ವಿಚಾರಣೆ ಬಾಕಿಯಿರುವಾಗ ಮಾಡುವ ಅಮಾನತಂತೂ ದಂಡನೆಗಳ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ‘ಶಿಸ್ತುಕ್ರಮವಾಗಿ ಅಮಾನತು ಮಾಡಲಾಯಿತು’ ಎಂಬ ಪತ್ರಿಕಾವಾಕ್ಯ, ನಡಾವಳಿ ಆರಂಭವಾಗುವ ಹೊತ್ತಿನಲ್ಲೇ ಅದರ ತೀರ್ಪನ್ನು ಓದುಗರ ಮುಂದಿಟ್ಟಂತಾಗುತ್ತದೆ. ‘ವಿಚಾರಣೆ ಕಾಯ್ದಿರಿಸಿ ಅಮಾನತುಗೊಳಿಸಲಾಗಿದೆ’ ಎಂದರೆ ಸುದ್ದಿಯೂ ನಿಯಮವೂ ಎರಡೂ ಸರಿಯಾಗುತ್ತವೆ.