ಪ್ರೋಗ್ರಾಮಿಂಗ್‌ನ ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವುದು), ಇಫ್ (ಷರತ್ತು ಕೇಳುವುದು) ಓದಿದರೆ ಅರ್ಥವಾಗುತ್ತದೆ, ಬರೆಯಲು ಕೂತರೆ ಕೈ ಓಡುವುದಿಲ್ಲ. ಪೈಥಾನ್ ಭಾಷೆಯಲ್ಲಿ ಅಭ್ಯಾಸ ಯಾವುದರಿಂದ ಶುರು ಮಾಡಲಿ?

ನಕ್ಷತ್ರ ಚಿಹ್ನೆಯ ತ್ರಿಕೋನ ಬಿಡಿಸಿ ಅಂತ ಎಲ್ಲರೂ ಹೇಳುತ್ತಾರೆ. ನನಗಂತೂ ಅದು ಬೇಗ ಬೇಜಾರಾಯಿತು. ಅದರ ಬದಲು ಅಧಿಕ ವರ್ಷ ಹಿಡಿದುಕೊಳ್ಳಿ. 1801ರಿಂದ 1900ರವರೆಗೆ ಎಷ್ಟು ಅಧಿಕ ವರ್ಷಗಳಿವೆ ಎಂದು ಎಣಿಸುವ ಪ್ರೋಗ್ರಾಂ ಬರೆಯಿರಿ.

ನಿಯಮ ಇಷ್ಟೇ. 4ರಿಂದ ಭಾಗವಾದರೆ ಅಧಿಕ ವರ್ಷ. 100ರಿಂದಲೂ ಭಾಗವಾದರೆ ಅಲ್ಲ. 400ರಿಂದಲೂ ಆದರೆ ಮತ್ತೆ ಹೌದು. ಹಾಗಾಗಿ 2000 ಅಧಿಕ ವರ್ಷ, 1900 ಅಲ್ಲ. ಇಫ್‌ನಲ್ಲಿ ಮೊದಲು 400, ಆಮೇಲೆ 100, ಕೊನೆಗೆ 4 ಕೇಳಿ. 4ನ್ನೇ ಮೊದಲು ಕೇಳಿದರೆ 1900 ಅಲ್ಲೇ ಒಳಗೆ ನುಗ್ಗಿಬಿಡುತ್ತದೆ, ಮುಂದಿನ ಎಲಿಫ್ (ಹಿಂದಿನ ಷರತ್ತು ಸುಳ್ಳಾದಾಗ ಮಾತ್ರ ಕೇಳುವ ಷರತ್ತು) ಅದನ್ನು ನೋಡುವುದೇ ಇಲ್ಲ.

ಸರಿಯಾದ ಉತ್ತರ 24. ಮಜಾ ಇರುವುದು ಇಲ್ಲಿ. ಲೂಪ್ ಎಲ್ಲಿಂದ ಎಲ್ಲಿವರೆಗೆ ಓಡಬೇಕೆಂದು ಹೇಳುವ ರೇಂಜ್‌ಗೆ 1801, 1900 ಎಂದು ಕೊಟ್ಟರೆ ಪೈಥಾನ್ 1899ಕ್ಕೇ ನಿಲ್ಲುತ್ತದೆ. ಆಗ ಸುಮ್ನೆ 4ರ ನಿಯಮ ಒಂದನ್ನೇ ಬರೆದಿದ್ದರೂ 24 ಬರುತ್ತದೆ! ಎರಡು ತಪ್ಪು ಸೇರಿ ಒಂದು ಸರಿ ಉತ್ತರ, ಅಲ್ವಾ? ಅದಕ್ಕೇ 1901ರಿಂದ 2000ರವರೆಗೂ ಓಡಿಸಿ ನೋಡಿ. ಅಲ್ಲಿ 25 ಬರಬೇಕು. 24 ಬಂದರೆ ಒಂದೋ ರೇಂಜ್‌ನ ಕೊನೆಗೆ 1 ಕೂಡಿಸಿಲ್ಲ, ಇಲ್ಲವೇ 400ರ ಸಾಲು ತಪ್ಪಿದೆ.