ಟಿ.ಸಿ. ತರಬೇಡಿ

(ಗುರುತು ಸಿಗದಂತೆ ಊರು, ಮನೆತನದ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ ಹದಿನಾರು ವರ್ಷ, ಪ್ರಥಮ ಪಿಯುಸಿ. ತನಗಿಂತ ದೊಡ್ಡ ಇಬ್ಬರು ಹುಡುಗರ ಜೊತೆ ರಾತ್ರಿ ಯಾರದೋ ಬೈಕ್ ಓಡಿಸಿಕೊಂಡು ಹೋಗಿ, ಪೆಟ್ರೋಲ್ ಮುಗಿದ ಕಡೆ ಬಿಟ್ಟು ಬಂದಿದ್ದ. ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದಿತ್ತು. ಟಿ.ಸಿ. ತೆಗೆದುಕೊಂಡು ಹೋಗಿ ಎಂದು ಕಾಲೇಜಿನವರು ಹೇಳಿದ್ದರು. ತಂದೆ ಅವನೊಡನೆ ಮಾತು ಬಿಟ್ಟಿದ್ದರು. "ಇವನು ಕಳ್ಳನೇ ಆಗಿಬಿಡುತ್ತಾನಾ ಮೇಡಂ?" ಎಂದು, ಅವನನ್ನು ಕರೆದುಕೊಂಡು ನನ್ನ ಬಳಿ ಸಲಹೆಗೆ ಬಂದ ತಾಯಿ ಕೇಳಿದರು.

ಬೈಕಿನ ಸಂಗತಿ ಬದಿಗಿಟ್ಟು ಅವನ ಬಾಲ್ಯದ ಬಗ್ಗೆ ವಿಚಾರಿಸಿದೆ. ಅಂಗನವಾಡಿಯಲ್ಲಿ ಮಕ್ಕಳನ್ನು ಕಚ್ಚುತ್ತಿದ್ದನೇ? ಮಾತು ತಡವಾಗಿ ಬಂತೇ? ಪ್ರಾಥಮಿಕ ಶಾಲೆಯಿಂದ ದೂರು ಬರುತ್ತಿತ್ತೇ? ಯಾವುದೂ ಇಲ್ಲ. ಅಂಗಡಿಗೆ ಕಳುಹಿಸಿದರೆ ಉಳಿದ ಚಿಲ್ಲರೆಯನ್ನು ಎಣಿಸಿ ತಂದು ಸಾಸಿವೆ ಡಬ್ಬಿಯಲ್ಲಿ ಹಾಕುತ್ತಿದ್ದ ಮಗು ಅದು. ಬದಲಾವಣೆ ಕಂಡದ್ದು ಹತ್ತನೇ ತರಗತಿಯ ನಂತರ. ನನ್ನೊಡನೆ ಒಬ್ಬನೇ ಕುಳಿತಾಗ ಹುಡುಗ ಒಂದು ಮಾತು ಹೇಳಿದ: "ಅವರೆಲ್ಲ ನನ್ನನ್ನು ಚಿಕ್ಕವನು ಅನ್ನುತ್ತಿದ್ದರು."

ನನಗೆ ಆ ಮಾತೇ ಮುಖ್ಯವಾಗಿ ಕಂಡಿತು. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸುತ್ತ ಬಂದ ಅಧ್ಯಯನದಲ್ಲಿ ತೊಡಗಿದ್ದ ಮನಶ್ಶಾಸ್ತ್ರಜ್ಞೆ ಟೆರಿ ಮೊಫಿಟ್, 1993ರಲ್ಲಿ ಎರಡು ದಾರಿಗಳನ್ನು ಗುರುತಿಸಿದರು. ಕೆಲವೇ ಮಕ್ಕಳಲ್ಲಿ ಪುಂಡಾಟ ಎಳವೆಯಲ್ಲೇ ಶುರುವಾಗಿ ಪ್ರೌಢ ವಯಸ್ಸಿನಲ್ಲೂ ಮುಂದುವರಿಯುತ್ತದೆ. ಮೆದುಳಿನ ಬೆಳವಣಿಗೆಯ ತೊಡಕುಗಳಿಗೆ ಮನೆಯ ಕಷ್ಟವೂ ಸೇರಿಕೊಂಡಿರುತ್ತದೆ. ಬಹುಪಾಲು ಹುಡುಗರದು ಹದಿಹರೆಯಕ್ಕೆ ಸೀಮಿತ. ಮೈ ಬೆಳೆದಿರುತ್ತದೆ, ಆದರೆ ದೊಡ್ಡವರೆಂದು ಯಾರೂ ಲೆಕ್ಕಕ್ಕಿಟ್ಟಿರುವುದಿಲ್ಲ. ದೊಡ್ಡವರಾದೆವೆಂದು ತೋರಿಸಿಕೊಳ್ಳಲು ತಪ್ಪು ಮಾಡುತ್ತಾರೆ.

ಹಾಗೆಂದು ತಾನಾಗಿಯೇ ಸರಿಹೋಗುತ್ತದೆ ಎಂದು ಕೈಕಟ್ಟಿ ಕೂರುವಂತಿಲ್ಲ. ಅದೇ ಡುನೆಡಿನ್‌ನಲ್ಲಿ 26ನೇ ವಯಸ್ಸಿಗೆ ಬಂದಾಗ ಈ ಎರಡನೆಯ ಗುಂಪಿನಲ್ಲೂ ಚಟ, ಹಣದ ತಾಪತ್ರಯ ಉಳಿದಿದ್ದವು. ಓದು ನಿಲ್ಲುವುದು, ಚಟ ಹತ್ತುವುದು, ಜೈಲು ಸೇರುವುದು, ಇವು ಹುಡುಗರು ಸಿಕ್ಕಿಬೀಳುವ ಬಲೆಗಳು. ಈ ಮಗನ ವಿಷಯದಲ್ಲಿ ನಾನು ಹೆದರಿದ್ದು ಬೈಕಿಗಿಂತ ಹೆಚ್ಚಾಗಿ ಆ ಟಿ.ಸಿ.ಗೆ.

ತಾಯಿಗೆ ಹೇಳಿದೆ: "ಅಮ್ಮಾ, ಟಿ.ಸಿ. ತರಬೇಡಿ. ಓದು ಮುಂದುವರಿಸಲು ಬಿಡಿ ಎಂದು ಪ್ರಾಂಶುಪಾಲರಿಗೆ ಬರೆದು ಕೊಡಿ." 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಇಂಥ ಪ್ರಕರಣ ಮಂಡಳಿಯಲ್ಲಿ ಇತ್ಯರ್ಥವಾದ ಮೇಲೆ ಶಿಕ್ಷೆಗೊಳಗಾದವರಿಗೆ ಇರುವ ಅನರ್ಹತೆ ಇವನಿಗೆ ತಗಲುವುದಿಲ್ಲ, ಅದನ್ನು ಪತ್ರದಲ್ಲಿ ಸೇರಿಸಿಕೊಟ್ಟೆ. ಹುಡುಗನ ಹಿನ್ನೆಲೆ ವಿಚಾರಿಸುವ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಅಧಿಕಾರಿ) ಮನೆಗೆ ಬಂದಾಗ ಏನನ್ನೂ ಮುಚ್ಚಿಡಬೇಡಿ, ಅವರ ವರದಿಯನ್ನು ಮಂಡಳಿ ಓದುತ್ತದೆ ಎಂದೆ. ಸಿಟ್ಟಿನಲ್ಲಿಯೂ ಮನೆಯವರ ಬಾಯಲ್ಲಿ "ಕಳ್ಳ" ಎಂಬ ಮಾತು ಬರಬಾರದು. ಬೈಕಿನ ಕನ್ನಡಿ ಒಡೆದಿತ್ತು. ಮಂಡಳಿ ಒಪ್ಪಿದರೆ ಅದರ ಖರ್ಚನ್ನು ಹುಡುಗ ತನ್ನ ಕೈಖರ್ಚಿನಲ್ಲಿ ಉಳಿಸಿ ತೀರಿಸಲಿ. ಕರೆಂಟ್ ಬಿಲ್ ಕಟ್ಟುವುದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಇನ್ನು ಅವನ ಜವಾಬ್ದಾರಿ.

ಮುಂದಿನ ಭೇಟಿಗೆ ತಂದೆಯನ್ನೂ ಕರೆತರಲು ಹೇಳಿದ್ದೇನೆ. ಅಲ್ಲಿಯವರೆಗೆ ರಾತ್ರಿಯ ಊಟಕ್ಕಾದರೂ ಅಪ್ಪ, ಮಗ ಒಟ್ಟಿಗೆ ಕೂರಬೇಕು.