ಕಥೆ ಬೇಡ, ಲೆಕ್ಕ ಕೊಡಿ ಎಂದವರಿಗೆ

ಪ್ರಿಯ ಓದುಗರೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಳೆದ ತಿಂಗಳ ಕಥಾ ವಿಶೇಷ ಸಂಚಿಕೆ ನಿಮಗೆ ಹಿಡಿಸಿಲ್ಲ. ‘ಪ್ರವಚನದವರೂ ಕಥೆ ಹೇಳ್ತಾರೆ, ಜಾಹೀರಾತಿನವರೂ ಕಥೆ ಹೇಳ್ತಾರೆ. ನಾನು ಕುರ್ಚಿ ಮಾಡಿ ಮಾರುವವನು. ನನಗೆ ಕಥೆ ಬೇಡ, ಲೆಕ್ಕ ಕೊಡಿ’ ಎಂದು ಬರೆದಿದ್ದೀರಿ.

ಈ ಸಿಟ್ಟು ನಮ್ಮ ಮಾತಿನಲ್ಲೇ ಇದೆ. ‘ಕಥೆ ಕಟ್ಟಬೇಡ’ ಅಂದರೆ ಸುಳ್ಳು ಹೇಳಬೇಡ ಅಂತಲೇ ಅಲ್ವಾ? ಆದರೆ ಬಹಳ ದಿನದ ಮೇಲೆ ಸಿಕ್ಕ ಗೆಳೆಯನನ್ನು ‘ಏನಪ್ಪಾ ನಿನ್ನ ಕಥೆ?’ ಅಂತಲೂ ಕೇಳುತ್ತೇವೆ. ಆಗ ಯಾರಿಗೂ ಸುಳ್ಳು ಬೇಕಿರುವುದಿಲ್ಲ.

ಲೆಕ್ಕ ಕೇಳಿದಿರಿ, ತಗೊಳ್ಳಿ. 2009ರಲ್ಲಿ ಅಮೆರಿಕದ ರಾಬ್ ವಾಕರ್ ಮತ್ತು ಜೋಶುವಾ ಗ್ಲೆನ್ ಸುಮಾರು ನೂರು ಹಳೆ ಚಿಲ್ಲರೆ ಸಾಮಾನು ಕೊಂಡರು. ಖರ್ಚು ಸುಮಾರು 129 ಡಾಲರ್. ಒಂದೊಂದಕ್ಕೂ ಲೇಖಕರಿಂದ ಒಂದು ಕಥೆ ಬರೆಸಿ ಇಬೇ ಎಂಬ ಜಾಲತಾಣದಲ್ಲಿ ಹರಾಜಿಗಿಟ್ಟರು. ಬಂದದ್ದು 3,600 ಡಾಲರಿಗೂ ಜಾಸ್ತಿ. ಕಟ್ಟುಕಥೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಗೊತ್ತಿದ್ದೇ ಜನ ಕೊಂಡರು.

ಮುಚ್ಚಿಟ್ಟದ್ದು ಥೆರನೋಸ್ ಎಂಬ ಅಮೆರಿಕದ ರಕ್ತಪರೀಕ್ಷೆ ಕಂಪನಿಯಲ್ಲಿ. ಬೆರಳ ತುದಿಯ ಕೆಲವೇ ಹನಿ ರಕ್ತದಲ್ಲಿ ಎಷ್ಟೋ ಪರೀಕ್ಷೆ ಮಾಡಬಹುದು ಎಂಬ ಚೆಂದದ ಕಥೆ ಹೇಳಿದವರು ಎಲಿಜಬೆತ್ ಹೋಮ್ಸ್. ಒಂದು ಹಂತದಲ್ಲಿ ಕಂಪನಿಯ ಬೆಲೆ 900 ಕೋಟಿ ಡಾಲರ್ ಮುಟ್ಟಿತು. ಯಂತ್ರ ಹೇಗೆ ಕೆಲಸ ಮಾಡುತ್ತೆ ಎಂದು ಕೇಳಿದರೆ ‘ವ್ಯಾಪಾರದ ಗುಟ್ಟು’ ಎನ್ನುತ್ತಿದ್ದರು. 2022ರಲ್ಲಿ, ಹೂಡಿಕೆದಾರರನ್ನು ವಂಚಿಸಿದ್ದಕ್ಕೆ, ಹನ್ನೊಂದು ವರ್ಷಕ್ಕೂ ಮೀರಿದ ಜೈಲು ಶಿಕ್ಷೆಯಾಯಿತು.

ಹಾಗಾಗಿ ಕಥೆಗೆ ನನ್ನ ಅಳತೆ ಒಂದೇ. ಪ್ರಶ್ನೆ ಕೇಳಿದರೆ ಅದು ನಿಲ್ಲುತ್ತಾ, ಬೀಳುತ್ತಾ?

ಪ್ರವಚನದ ಮಾತಿಗೆ ಬರೋಣ. ಕಿಸಾಗೋತಮಿಯ ಕಥೆ ನಿಮಗೆ ಗೊತ್ತು. ಸತ್ತ ಮಗುವನ್ನು ಎತ್ತಿಕೊಂಡು ಔಷಧಿ ಕೇಳುತ್ತ ಬಂದವಳಿಗೆ ಬುದ್ಧ, ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದ. ಸಾಸಿವೆಯೇ ಯಾಕೆ? ಎಲ್ಲ ಮನೆಯಲ್ಲೂ ಇರುವ ಪದಾರ್ಥ ಅದು. ಕೇಳಿದ ಕೂಡಲೇ ಡಬ್ಬಿ ತೆಗೆಯುತ್ತಾರೆ. ಕೈ ಚಾಚಿದವಳು ಎರಡನೇ ಪ್ರಶ್ನೆ ಕೇಳುತ್ತಾಳೆ: ಈ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರಾ? ಒಬ್ಬರಿಗೆ ಅಪ್ಪ ಹೋಗಿದ್ದಾನೆ, ಇನ್ನೊಬ್ಬರಿಗೆ ಮಗ. ಚಾಚಿದ ಕೈ ಹಿಂದಕ್ಕೆ ಬರುತ್ತದೆ. ‘ಎಲ್ಲರೂ ಸಾಯ್ತಾರಮ್ಮ’ ಎಂದು ಬುದ್ಧ ಹೇಳಿದ್ದರೆ ಆಕೆ ಕೇಳಿಸಿಕೊಳ್ಳುತ್ತಿದ್ದಳಾ? ಇಲ್ಲಿ ಪ್ರಶ್ನೆಯೂ ಅವಳದೇ, ಉತ್ತರ ಹುಡುಕಿದ ಕಾಲೂ ಅವಳದೇ.

ನನ್ನ ತಂದೆ ಹೋದಾಗ ಮನೆಯಲ್ಲಿ ಉಳಿದದ್ದು ಆಸ್ಪತ್ರೆಯ ದಪ್ಪ ಫೈಲು. ಪುಟ ತುಂಬ ಅಂಕಿ, ನೀವು ಕೇಳುವ ಲೆಕ್ಕ. ಆಮೇಲೆ ಅವರ ಹಳೆ ಸಹೋದ್ಯೋಗಿ ಒಬ್ಬರು ಬಂದರು. ಅಪ್ಪ ಯಾರಿಗಾದರೂ ಪೆನ್ನು ಕೊಟ್ಟರೆ ಕ್ಯಾಪ್ ಮಾತ್ರ ಕೈಯಲ್ಲೇ ಇಟ್ಟುಕೊಳ್ಳುತ್ತಿದ್ದರಂತೆ, ಪೆನ್ನು ವಾಪಸ್ ಬರಲಿ ಅಂತ. ಅಷ್ಟು ದಿನ ಸುಮ್ನೆ ಇದ್ದವನು ಅವತ್ತು ಅತ್ತುಬಿಟ್ಟೆ.

ಇನ್ನು ನಿಮ್ಮ ಪತ್ರದ ಕೊನೆ. ಸಹಿ ಆದ ಮೇಲೆ, ಜಾಗ ಉಳಿದಿತ್ತು ಅಂತಲೋ ಏನೋ, ಒಂದಿಷ್ಟು ಸೇರಿಸಿದ್ದೀರಿ. ‘ಒಂದು ಕುರ್ಚಿಯ ಕಾಲು ಅಲ್ಲಾಡುತ್ತೆ ಎಂದು ದೂರು ಬಂತು. ಅದೇ ಮರದಲ್ಲಿ ಮಾಡಿದ ಆರನ್ನೂ ವಾಪಸ್ ತರಿಸಿ ಬಿಚ್ಚಿ ನೋಡಿದೆ. ಮರ ಸರಿಯಾಗಿ ಒಣಗಿರಲಿಲ್ಲ’ ಎಂದು. ಕರಪತ್ರಕ್ಕೆ ‘ಗುಣಮಟ್ಟವೇ ನಮ್ಮ ಗುರಿ’ ಸಾಕಾ ಎಂದೂ ಕೇಳಿದ್ದೀರಿ. ಅದನ್ನು ತೆಗೆದುಬಿಡಿ. ಆರು ಕುರ್ಚಿಯ ವಿಷಯ ಹಾಕಿ. ಮರ ಒಣಗಲು ಈಗ ಎಷ್ಟು ದಿನ ಬಿಡುತ್ತೀರಿ ಅನ್ನೋದನ್ನೂ ಬರೆಯಿರಿ. ಕೊಳ್ಳುವವರು ಕೇಳೇ ಕೇಳ್ತಾರೆ.

– ಸಂಪಾದಕ